ಡ್ರಮ್ಮು ತಡವಾಗಿ ಕೇಳಿಸಿದ ಶಾಲೆ

ಗಾಳಿಯಲ್ಲಿ ಎಲ್ಲ ಸದ್ದೂ ಒಂದೇ ವೇಗದಲ್ಲಿ ಓಡುತ್ತದೆ. ದಪ್ಪ ದನಿ, ಕೀರಲು ದನಿ, ಎಮ್ಮೆಯ ಕೂಗು, ಸೊಳ್ಳೆಯ ಗುಂಯ್, ಎಲ್ಲಕ್ಕೂ ಸೆಕೆಂಡಿಗೆ ಸುಮಾರು ಮುನ್ನೂರ ನಲವತ್ತು ಮೀಟರು. ಒಂಬತ್ತನೇ ಕ್ಲಾಸು ದಾಟಿದ ಯಾರಿಗೇ ಆಗಲಿ ಇದು ಗೊತ್ತಿರಬೇಕು. ಗೊತ್ತಿಲ್ಲದವರನ್ನು ನಾನು ಬೈಯುವುದಿಲ್ಲ, ತಿಳಿದುಕೊಂಡರಾಯಿತು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು, ಮುಚ್ಚಿಕೊಂಡದ್ದಕ್ಕೆ ಜಾಣತನ ಎಂದು ಹೆಸರಿಟ್ಟುಕೊಂಡವರನ್ನು ಕಂಡರೆ ನನಗೆ ವಾಕರಿಕೆ ಬರುತ್ತದೆ. ಅಂಥವರ ನಡುವೆ ಪಾಠ ಮಾಡಿದ ಒಬ್ಬ ಹೆಣ್ಣುಮಗಳ ವಿಷಯ ಇದು.

ಆಕೆಯ ಹೆಸರು ಜೈಬಾ. ತುಮಕೂರಿನ ಹಳೇ ಪೇಟೆಯ ಒಂದು ಗಲ್ಲಿಯಲ್ಲಿ ಹುಟ್ಟಿ ಬೆಳೆದವರು. ತಂದೆ ಖುರ್ಷಿದ್ ಪಾಷಾ ಮದುವೆ ಮೆರವಣಿಗೆಗೆ ಹೋಗುವ ಬ್ಯಾಂಡ್ ಸೆಟ್ಟಿನ ಮಾಸ್ಟರ್. ಕೆಂಪು ಕೋಟು, ಹೆಗಲ ಮೇಲೆ ಜರಿಯ ಕುಚ್ಚು, ಕೈಯಲ್ಲಿ ಕ್ಲಾರಿನೆಟ್. ಗುಬ್ಬಿ, ಕುಣಿಗಲ್, ಹುಲಿಯೂರುದುರ್ಗ, ಗೂಳೂರು, ಸುತ್ತ ಎಲ್ಲೇ ಮದುವೆಯಾದರೂ ಹುಡುಗ ಚೌಟ್ರಿಯ ಬಾಗಿಲಿಗೆ ಬರಬೇಕಾದರೆ ಮುಂದೆ ಈ ಮನುಷ್ಯ ಊದಿಕೊಂಡು ಹೋಗಬೇಕು. ಬಾಗಿಲಿನವರೆಗೆ ಮಾತ್ರ. ಒಳಗೆ ಊಟದ ಎಲೆ ಹಾಕುವಾಗ ಬ್ಯಾಂಡಿನವರಿಗೆ ಕೊನೇ ಪಂಕ್ತಿ, ಅದೂ ಹಿಂದಿನ ಬಾಗಿಲಿನಿಂದ. ನೀವೂ ಆ ಮೆರವಣಿಗೆಯಲ್ಲಿ ಕುಣಿದಿದ್ದೀರಿ, ನಿಮಗೂ ಇದು ಗೊತ್ತು.

ಬ್ಯಾಂಡಿನ ಮನೆಗಳ ಕಷ್ಟ ಕ್ಯಾಲೆಂಡರಿನಲ್ಲಿದೆ. ಆಷಾಢ ಬಂತು, ಮದುವೆ ಇಲ್ಲ. ಧನುರ್ಮಾಸ, ಇಲ್ಲ. ಮೊಹರಂ, ಇಲ್ಲ. ರಂಜಾನ್, ಇಲ್ಲ. ಎಲ್ಲ ಧರ್ಮದ ಮದುವೆಯಿಲ್ಲದ ಕಾಲವೂ ಸೇರಿ ಬ್ಯಾಂಡಿನವರ ಒಲೆಯ ಮೇಲೇ ಬೀಳುತ್ತದೆ. ಹಾಗಾಗಿ ಖುರ್ಷಿದ್ ಪಾಷಾರಿಗೆ ಜೀವನದಲ್ಲಿ ಇದ್ದ ಆಸೆ ಒಂದೇ. ಮಗಳಿಗೆ ವರ್ಷವಿಡೀ ನಿಲ್ಲದ ಒಂದು ಕೆಲಸ. ಮಗಳು ಓದಿದರು. ಬಿಎಸ್ಸಿ, ಆಮೇಲೆ ಬಿಎಡ್. ಗುಬ್ಬಿಯ ಹೊರಗಿರುವ ಒಂದು ಖಾಸಗಿ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್ ಆದರು. ಆ ಆಡಳಿತದವರಿಗೆ ಮೂರು ಶಾಲೆ: ಒಂದು ತುಮಕೂರಿನಲ್ಲಿ, ಒಂದು ಗುಬ್ಬಿಯಲ್ಲಿ, ಒಂದು ಕುಣಿಗಲ್ಲಿನಲ್ಲಿ. ಹೆಸರು ಬರೆಯುವುದಿಲ್ಲ. ಬರೆದರೆ ಉಳಿದ ಶಾಲೆಗಳೆಲ್ಲ ತಾವು ಬಚಾವಾದೆವು ಎಂದುಕೊಳ್ಳುತ್ತವೆ.

ಪ್ರತಿ ಬೇಸಿಗೆಗೆ ಜೈಬಾರನ್ನು ಕೆಲಸದಿಂದ ತೆಗೆಯುವುದು, ಜೂನಿನಲ್ಲಿ ಮತ್ತೆ ತೆಗೆದುಕೊಳ್ಳುವುದು. ಹೀಗೇ ವರ್ಷಗಳು ಕಳೆದವು. ಬ್ಯಾಂಡಿಗಾದರೂ ಆಷಾಢ ಯಾವಾಗ ಬರುತ್ತದೆಂದು ಮೊದಲೇ ಗೊತ್ತಿರುತ್ತದೆ. ಈ ಶಾಲೆಯ ಆಷಾಢ ಆಡಳಿತದವರ ಮರ್ಜಿ. ಕೊನೆಗೆ ಹೋದ ವರ್ಷ, ಸಂಕ್ರಾಂತಿ ಕಳೆಯಲಿ, ಪರ್ಮನೆಂಟ್ ಆರ್ಡರ್ ಕೊಡುತ್ತೇವೆ ಎಂದರು. ಖುರ್ಷಿದ್ ಪಾಷಾ ಗಲ್ಲಿಯ ಮನೆಮನೆಗೂ ಹೇಳಿಕೊಂಡು ಬಂದರು. ಆ ಆರ್ಡರಿನ ಮೇಲೆ ಇಡೀ ಮನೆಯ ಕಣ್ಣು ನೆಟ್ಟಿತ್ತು ಎನ್ನುವುದನ್ನು ನೆನಪಿಡಿ. ಮುಂದೆ ನಡೆದದ್ದೆಲ್ಲ ಅದರ ಸುತ್ತಲೇ.

ಜೈಬಾ ತುಮಕೂರಿನಿಂದ ಗುಬ್ಬಿಗೆ ಬೆಳಗಿನ ರೈಲಿನಲ್ಲಿ ಹೋಗುತ್ತಿದ್ದರು. ತರಂಗದ ಪಾಠವನ್ನೂ ರೈಲಿನಿಂದಲೇ ಶುರು ಮಾಡುತ್ತಿದ್ದರು. ಗೇಟು ಹಾಕಿದಾಗ ಬೋಗಿ ಎಣಿಸಿದ್ದೀರಾ ಎಂದು ಮಕ್ಕಳನ್ನು ಕೇಳುವುದು. ಎಣಿಸದ ಮಗು ಯಾವುದಿದೆ? ಇಷ್ಟು ಹೊತ್ತಿಗೆ ಇಷ್ಟು ಬೋಗಿ ನಿಮ್ಮ ಮುಂದೆ ಹಾದುಹೋದವು ಎಂಬುದೇ ಆವೃತ್ತಿ. ಒಂದು ಬೋಗಿಯ ಉದ್ದವೇ ತರಂಗದೂರ. ಎರಡನ್ನೂ ಗುಣಿಸಿದರೆ ರೈಲಿನ ವೇಗ. ಈಗ ರೈಲಿನ ಓಟವನ್ನು ಮುಟ್ಟದೆ ಬೋಗಿಗಳನ್ನು ಮಾತ್ರ ಅರ್ಧರ್ಧ ಉದ್ದಕ್ಕೆ ಇಳಿಸಿದರೆ ಏನಾಗುತ್ತದೆ? ಅಷ್ಟೇ ಹೊತ್ತಿನಲ್ಲಿ ಎರಡರಷ್ಟು ಬೋಗಿ ಹಾದುಹೋಗುತ್ತವೆ. ರೈಲು ಜೋರಾಯಿತೇ? ಇಲ್ಲ. ಸದ್ದೂ ಹಾಗೆಯೇ. ಅದರ ಓಟವನ್ನು ನಿರ್ಧರಿಸುವುದು ಗಾಳಿ, ಗಾಳಿಯ ಬಿಸಿ ಮತ್ತು ತಂಪು. ಊದುವವನೂ ಅಲ್ಲ, ಬಾರಿಸುವವನೂ ಅಲ್ಲ. ದನಿ ಕೀರಲಾದಷ್ಟೂ ಅಲೆ ಗಿಡ್ಡ, ದಪ್ಪವಾದಷ್ಟೂ ಅಲೆ ಉದ್ದ, ಓಟ ಮಾತ್ರ ಅಷ್ಟೇ. ಅವರ ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಇದು ಚೆನ್ನಾಗಿಯೇ ಅರ್ಥವಾಗಿತ್ತು. ಗೇಟಿನ ಹತ್ತಿರ ಸೈಕಲ್ ನಿಲ್ಲಿಸಿಕೊಂಡು ಇದನ್ನೇ ಚರ್ಚೆ ಮಾಡುತ್ತಿದ್ದರಂತೆ.

ಅಷ್ಟರಲ್ಲಿ ಕುಣಿಗಲ್ಲಿನಿಂದ ತ್ರಿಕೋನ ಬಂತು.

ಮೂರು ಶಾಲೆಗೂ ಸೇರಿ ಒಬ್ಬ ಅಕಾಡೆಮಿಕ್ ಕೋ-ಆರ್ಡಿನೇಟರ್ ಇದ್ದಾನೆ. ಹೆಸರು ರವೀಶ್. ಎಂಜಿನಿಯರಿಂಗ್ ಮುಗಿಸಿದವನು, ಕುಣಿಗಲ್ ಶಾಲೆಯ ಮೇಲಿನ ಮಹಡಿಯಲ್ಲಿ ಗಾಜಿನ ಕ್ಯಾಬಿನ್. ಆತ ಮೂರೂ ಶಾಲೆಯ ಗೋಡೆಗಳಿಗೆ ಅಂಟಿಸಲು ಒಂದು ಬಣ್ಣದ ಚಾರ್ಟು ಕಳಿಸಿದ. ಒಂದು ತ್ರಿಕೋನ, ಮೇಲೆ ವೇಗ, ಕೆಳಗೆ ಎಡಕ್ಕೆ ಆವೃತ್ತಿ, ಬಲಕ್ಕೆ ತರಂಗದೂರ. ಬೇಕಾದದ್ದನ್ನು ಹೆಬ್ಬೆರಳಿನಿಂದ ಮುಚ್ಚಿ, ಉಳಿದದ್ದನ್ನು ಗುಣಿಸಿ ಇಲ್ಲವೇ ಭಾಗಿಸಿ, ಉತ್ತರ ರೆಡಿ. ತ್ರಿಕೋನದಲ್ಲಿ ತಪ್ಪಿಲ್ಲ. ಲೆಕ್ಕ ಮಾಡಲು ಅದು ಸಾಕು. ತ್ರಿಕೋನ ಬಿಟ್ಟು ಬೇರೇನೂ ತಿಳಿಯದವನ ಕೈಗೆ ಸಿಕ್ಕಿದರೆ ಮಾತ್ರ ಅಪಾಯ. ಅವನಿಗೆ ಮೂಲೆಗಳು ಕಾಣುತ್ತವೆ, ಅಲೆ ಕಾಣುವುದಿಲ್ಲ. ಆವೃತ್ತಿ ದೊಡ್ಡದು ಮಾಡಿದರೆ ಮೇಲಿರುವ ವೇಗವೂ ದೊಡ್ಡದಾಗಲೇಬೇಕು ಎಂದುಕೊಳ್ಳುತ್ತಾನೆ. ಇನ್ನೊಂದು ಮೂಲೆಯಲ್ಲಿ ತರಂಗದೂರ ಸದ್ದಿಲ್ಲದೆ ಕುಗ್ಗಿ ಲೆಕ್ಕ ಸರಿತೂಗಿಸುತ್ತದೆ ಎಂಬುದು ಅವನ ಹೆಬ್ಬೆರಳಿಗೆ ತಿಳಿಯುವುದಿಲ್ಲ.

ಡಿಸೆಂಬರಿನ ಟೆಸ್ಟಿನಲ್ಲಿ ಒಂದು ಪ್ರಶ್ನೆ ಬಂತು. ಗಾಳಿಯಲ್ಲಿ ಚಲಿಸುವ ಶಬ್ದದ ಆವೃತ್ತಿಯನ್ನು ಎರಡರಷ್ಟು ಮಾಡಿದರೆ ಅದರ ವೇಗ ಏನಾಗುತ್ತದೆ? ಅರ್ಧವಾಗುತ್ತದೆ, ಎರಡರಷ್ಟಾಗುತ್ತದೆ, ಬದಲಾಗುವುದಿಲ್ಲ, ನಾಲ್ಕರಷ್ಟಾಗುತ್ತದೆ. ಜೈಬಾರ ಕ್ಲಾಸಿನ ಮುಕ್ಕಾಲು ಪಾಲು ಮಕ್ಕಳು ಬದಲಾಗುವುದಿಲ್ಲ ಎಂಬುದಕ್ಕೆ ಟಿಕ್ ಹಾಕಿದ್ದರು. ಸಂಜೆ ರವೀಶ್ ವಾಟ್ಸ್ಯಾಪಿನಲ್ಲಿ ಕೀ ಆನ್ಸರ್ ಕಳಿಸಿದ. ಎರಡರಷ್ಟಾಗುತ್ತದೆ.

ಕೀ ಮಾಡುವಾಗ ಕೈತಪ್ಪಿರಬೇಕು ಎಂದುಕೊಂಡು ಜೈಬಾ ವಿನಯದಿಂದ ಒಂದು ಮೆಸೇಜು ಹಾಕಿದರು. ಕೈತಪ್ಪಿರಲಿಲ್ಲ. ತ್ರಿಕೋನದಲ್ಲೇ ಇದೆಯಲ್ಲ, ನೋಡಿ ಎಂದು ಉತ್ತರ ಬಂತು. ತುಮಕೂರು, ಕುಣಿಗಲ್ ಶಾಲೆಗಳ ಟೀಚರುಗಳು ತಮ್ಮ ಮಕ್ಕಳಿಗೆಲ್ಲ ಆ ಕೀ ಪ್ರಕಾರ ಮಾರ್ಕ್ಸು ಕೊಟ್ಟಾಗಿತ್ತು. ಅಲ್ಲಿನ ಮಕ್ಕಳು ತ್ರಿಕೋನದ ಮಕ್ಕಳು, ಎರಡರಷ್ಟು ಎಂದೇ ಬರೆದಿದ್ದರು. ಈಗ ಕೀ ಬದಲಾದರೆ ಅವರ ಮಾರ್ಕ್ಸು ಇಳಿಯುತ್ತದೆ, ಫ್ಲೆಕ್ಸ್ ಬೋರ್ಡಿಗೆ ಹೋಗಬೇಕಾದ ಟಾಪರ್‌ಗಳ ಫೋಟೋ ಬದಲಾಗುತ್ತದೆ. ಬೋರ್ಡಿಗೆ ಹೆದರಿ ಭೌತಶಾಸ್ತ್ರ ಬದಲಾಯಿತು.

ಹೆಡ್ ಮಿಸ್ಟ್ರೆಸ್ ಪ್ರೇಮಲತಾ ಜೈಬಾರನ್ನು ರೂಮಿಗೆ ಕರೆದರು. ಈ ಪ್ರೇಮಲತಾ ಓದಿದ್ದು ಏನು ಗೊತ್ತೇ? ಭೌತಶಾಸ್ತ್ರದಲ್ಲಿ ಎಂಎಸ್ಸಿ. ಬಾಗಿಲು ಮುಂದಕ್ಕೆ ತಳ್ಳಿ, ದನಿ ತಗ್ಗಿಸಿ ಮಾತಾಡಿದರಂತೆ.

"ನಂಗೊತ್ತಿಲ್ವಾ ಜೈಬಾ, ಕೀ ತಪ್ಪಿದೆ ಅಂತ? ಮೂರು ಬ್ರಾಂಚಿಗೂ ಒಂದೇ ಕೀ ಕಣಮ್ಮ. ಅಡ್ಜಸ್ಟ್ ಮಾಡ್ಕೊ. ಒಂದ್ ಮಾರ್ಕ್ಸ್ ತಾನೇ."

"ಮಾರ್ಕ್ಸಿನ ಮಾತಲ್ಲ ಮೇಡಂ. ಸರಿ ಬರೆದಿರೋ ಮಗು ಪೇಪರಿನ ಮೇಲೆ ತಪ್ಪು ಅಂತ ನನ್ ಕೈಯಲ್ಲಿ ಬರೀಬೇಕು."

"ಬರಿ. ಕೈ ನಿಂದಾದ್ರೂ ಪೆನ್ನು ಸ್ಕೂಲಿಂದು."

ಈ ಮಾತನ್ನು ಕೇಳಿದ ದಿನ ನನಗೆ ಊಟ ಸೇರಲಿಲ್ಲ. ಅಜ್ಞಾನಿಯ ಬಾಯಿಂದ ಬಂದಿದ್ದರೆ ನಕ್ಕು ಬಿಡಬಹುದಿತ್ತು. ತಪ್ಪು ಎಂದು ಗೊತ್ತಿರುವ ಬಾಯಿಂದ ಬಂತು. ಕೊಳೆತ ಹಣ್ಣನ್ನು ಮೂಸಿ ನೋಡಿ, ಕೊಳೆತಿದೆ ಎಂದು ಖಚಿತ ಮಾಡಿಕೊಂಡು, ಆಮೇಲೆ ತೊಳೆದ ತಟ್ಟೆಯಲ್ಲಿ ಮಗುವಿಗೆ ಕೊಟ್ಟ ಹಾಗೆ.

ಜೈಬಾ ಒಪ್ಪಲಿಲ್ಲ. ವಿಷಯ ಕುಣಿಗಲ್ಲಿಗೆ ಹೋಯಿತು. ರವೀಶ್ ಫೋನಿನಲ್ಲಿ ಕೂಗಾಡಲಿಲ್ಲ, ಬಹಳ ಸಮಾಧಾನವಾಗಿಯೇ ಹೇಳಿದ. ಶನಿವಾರ ಗುಬ್ಬಿಗೆ ಬರುತ್ತೇನೆ, ಮಕ್ಕಳ ಮುಂದೆ ಪ್ರೂವ್ ಮಾಡಿ ತೋರಿಸಿ, ತೋರಿಸಿದರೆ ಮೂರೂ ಕಡೆ ಕೀ ಬದಲಾಯಿಸುತ್ತೇನೆ. ಇಲ್ಲದಿದ್ದರೆ ಕೀ ಪ್ರಕಾರ ತಿದ್ದಿಕೊಡಿ, ಆಮೇಲೆ ನಿಮ್ಮ ಪರ್ಮನೆಂಟ್ ವಿಚಾರ ಕೂತು ಮಾತಾಡೋಣ. ಆರ್ಡರನ್ನು ಹೀಗೆ ಎಲೆಯ ತುದಿಯಲ್ಲಿ ಬಡಿಸಿಟ್ಟ.

ಜೈಬಾರಿಗೆ ಉಪಾಯ ಹೊಳೆದದ್ದು ಅಂದು ಸಂಜೆ ಮನೆಯಲ್ಲಿ ತಂದೆಯ ಕ್ಲಾರಿನೆಟ್ ಪೆಟ್ಟಿಗೆ ನೋಡಿದಾಗ. ಕೀರಲು ಸದ್ದು ಜೋರಾಗಿ ಓಡುವುದೇ ನಿಜವಾದರೆ, ಮೈದಾನದ ಆ ತುದಿಯಲ್ಲಿ ಬ್ಯಾಂಡು ಬಾರಿಸಿದಾಗ ಈ ತುದಿಗೆ ಕ್ಲಾರಿನೆಟ್ ಮೊದಲು ಬಂದು ಡ್ರಮ್ಮು ಹಿಂದೆ ಬೀಳಬೇಕು. ದೂರ ಹೋದಷ್ಟೂ ಹಾಡು ಕಲಸಿದ ಅನ್ನವಾಗಬೇಕು. ದೂರದ ಮದುವೆಯ ಹಾಡು ಹಾಡಾಗಿಯೇ ಕೇಳಿಸುತ್ತದಲ್ಲ, ಅದೇ ಸಾಕ್ಷಿ. ಮಕ್ಕಳ ಕಿವಿಯೇ ತೀರ್ಪು ಹೇಳಲಿ ಎಂದುಕೊಂಡರು.

ಧನುರ್ಮಾಸ. ಬ್ಯಾಂಡಿಗೆ ಕೆಲಸವಿರಲಿಲ್ಲ. ಮಗಳು ಶಾಲೆಗೆ ಬನ್ನಿ ಎಂದು ಕರೆದದ್ದು ಅದೇ ಮೊದಲು, ಖುರ್ಷಿದ್ ಪಾಷಾ ಕೆಂಪು ಕೋಟಿಗೆ ತಾವೇ ಇಸ್ತ್ರಿ ಹಾಕಿಕೊಂಡರು. ಪೂರಾ ಸೆಟ್ಟನ್ನು ಹೊರಡಿಸಿಕೊಂಡು ಗುಬ್ಬಿಗೆ ಬಂದರು. ಗೇಟಿನ ಹತ್ತಿರ ಮಗುವನ್ನು ಬಿಡಲು ಬಂದಿದ್ದ ಒಬ್ಬ ತಂದೆ, ಬ್ಯಾಂಡಿನವರ ಮಗಳಲ್ವಾ, ಪಾಠದ ಬದಲು ಇನ್ನೇನು ಮಾಡಿಸ್ತಾಳೆ ಎಂದು ಇನ್ನೊಬ್ಬರಿಗೆ ಹೇಳಿದ್ದು ಅವರ ಕಿವಿಗೂ ಬಿತ್ತು. ಕೇಳಿಸದವರಂತೆ ಕ್ಲಾರಿನೆಟ್ಟಿಗೆ ಪೀಪಿ ಜೋಡಿಸುತ್ತಾ ನಿಂತರಂತೆ.

ಮೈದಾನದ ಆ ತುದಿಯ ಕಾಂಪೌಂಡಿನ ಹತ್ತಿರ ಬ್ಯಾಂಡು ನಿಂತಿತು. ಈ ತುದಿಯಲ್ಲಿ ಒಂಬತ್ತನೇ ಕ್ಲಾಸು, ಜೈಬಾ, ಪ್ರೇಮಲತಾ, ಕುಣಿಗಲ್ಲಿನಿಂದ ಕಾರಿನಲ್ಲಿ ಬಂದಿದ್ದ ರವೀಶ್. ಅವನ ಕೈಯಲ್ಲಿ ಫೋನು, ವೀಡಿಯೊ ಆನ್. ಜೈಬಾ ಕರವಸ್ತ್ರ ಬೀಸಿದರು. ಬ್ಯಾಂಡು ಶುರುವಾಯಿತು.

ಡ್ರಮ್ಮು ತಡವಾಗಿ ಬಂತು.

ಬಹಳ ಅಲ್ಲ, ಆದರೆ ಯಾರ ಕಿವಿಗೂ ತಪ್ಪದಷ್ಟು. ಕ್ಲಾರಿನೆಟ್ಟಿನ ಸ್ವರ ಮುಟ್ಟಿದ ಮೇಲೆ ದೊಡ್ಡ ಡ್ರಮ್ಮಿನ ಏಟು ಕುಂಟಿಕೊಂಡು ಬಂದ ಹಾಗೆ. ಪ್ರತಿ ತಾಳಕ್ಕೂ ಹಾಗೇ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ರವೀಶ್ ಪೂರ್ತಿ ಹಾಡು ಮುಗಿಯುವವರೆಗೂ ಕಾಯಲಿಲ್ಲ. "ಕೇಳುಸ್ತಲ್ಲ ಮೇಡಂ? ಡ್ರಮ್ಮು ಲೇಟು. ಫ್ರೀಕ್ವೆನ್ಸಿ ಕಮ್ಮಿ, ಸ್ಪೀಡ್ ಕಮ್ಮಿ. ನಮ್ ಕೀನ ನಿಮ್ ತಂದೆಯವರೇ ಪ್ರೂವ್ ಮಾಡ್ಕೊಟ್ರು, ಥ್ಯಾಂಕ್ಸ್ ಹೇಳಿ ಅವ್ರಿಗೆ." ಮಕ್ಕಳ ಕಡೆ ತಿರುಗಿ ಎಲ್ಲರೂ ಚಪ್ಪಾಳೆ ತಟ್ಟಿ ಎಂದ. ತಟ್ಟಿದರು. ಕಾರು ಹತ್ತಿ ಹೊರಟ. ಪ್ರೇಮಲತಾ ಕಾರಿನ ಬಾಗಿಲವರೆಗೂ ಹೋಗಿ ಬೀಳ್ಕೊಟ್ಟು ತಮ್ಮ ರೂಮಿಗೆ ಹೋದರು.

ಆಮೇಲೆ ಮೈದಾನದಲ್ಲಿ ಏನಾಯಿತು ಎಂಬುದನ್ನು ಓದಿ, ಯಾಕೆಂದರೆ ಅದನ್ನು ನೋಡಲು ಶಾಲೆಯ ದೊಡ್ಡವರು ಯಾರೂ ಇರಲಿಲ್ಲ.

ಅದೇ ಕ್ಲಾಸಿನ ಅಕ್ಷತಾ ಎಂಬ ಹುಡುಗಿ ಹಾಡು ಶುರುವಾಗುವ ಮುಂಚೆ ಬ್ಯಾಂಡಿನವರಿಗೆ ನೀರು ಕೊಡಲು ಹೋಗಿ ಅಲ್ಲೇ, ಕ್ಲಾರಿನೆಟ್ಟಿನ ಪಕ್ಕದಲ್ಲೇ ನಿಂತುಬಿಟ್ಟಿದ್ದಳು. ಓಡಿಬಂದಳು.

"ಮಿಸ್, ಅಲ್ಲಿ ಪಕ್ಕದಲ್ಲೇ ನಿಂತ್ರೂ ಡ್ರಮ್ಮು ಲೇಟೇ ಮಿಸ್. ಇಷ್ಟೇ ಲೇಟು."

ಜೈಬಾ ಲೆಕ್ಕ ಹಾಕಿದರು. ದಪ್ಪ ಸದ್ದಿನ ಓಟವೇ ನಿಧಾನವಾಗಿದ್ದರೆ, ಹತ್ತಿರದಲ್ಲಿ ಹಿಂದೆ ಬೀಳಲು ಅದಕ್ಕೆ ದಾರಿಯೇ ಇಲ್ಲವಲ್ಲ. ದೂರ ಹೋದ ಹಾಗೆ ತಡ ಬೆಳೆಯಬೇಕು. ಹತ್ತಿರಕ್ಕೂ ದೂರಕ್ಕೂ ತಡ ಒಂದೇ ಎಂದರೆ ಆ ತಡ ದಾರಿಯಲ್ಲಿ ಹುಟ್ಟಿದ್ದಲ್ಲ, ಬ್ಯಾಂಡಿನೊಳಗೇ ಹುಟ್ಟಿದ್ದು. ತಲೆ ಎತ್ತಿ ತಂದೆಯ ಬ್ಯಾಂಡನ್ನು ನೋಡಿದರು. ಆಗ ಕಂಡಿತು.

ಬ್ಯಾಂಡು ಮೆರವಣಿಗೆಯ ಸಾಲಿನಲ್ಲಿ ನಿಂತಿತ್ತು. ಮುಂದೆ ಮಾಸ್ಟರ್, ಹಿಂದೆ ಇಬ್ಬಿಬ್ಬರಂತೆ ಟ್ರಂಪೆಟ್ಟು, ಅದರ ಹಿಂದೆ ಸಣ್ಣ ಡ್ರಮ್ಮು, ಬಾಲದಲ್ಲಿ ಅರವತ್ತು ಅಡಿಯಷ್ಟು ಹಿಂದೆ ದೊಡ್ಡ ಡ್ರಮ್ಮು. ಬೀದಿಯಲ್ಲಿ ನಿಲ್ಲುವ ಹಾಗೇ ನಿಂತಿದ್ದರು. ಅವರಿಗೆ ಬೇರೆ ತರಹ ನಿಂತು ಅಭ್ಯಾಸವೇ ಇಲ್ಲ, ಬೇರೆ ತರಹ ನಿಲ್ಲಿ ಎಂದು ಯಾರೂ ಹೇಳಿಯೂ ಇರಲಿಲ್ಲ. ಹೇಳಬೇಕು ಎಂದು ಜೈಬಾರಿಗೂ ಹೊಳೆದಿರಲಿಲ್ಲ. ಹುಟ್ಟಿದಾಗಿನಿಂದ ನೋಡಿದ ಸಾಲು ಅದು. ಬ್ಯಾಂಡಿನ ನಿಯಮ, ಮುಂದಿನವರು ಹಾಡು ಎತ್ತಿಕೊಳ್ಳಬೇಕು, ಹಿಂದಿನವರು ಕಿವಿಗೆ ಬಿದ್ದಂತೆ ಹಿಡಿಯಬೇಕು. ಮಾಸ್ಟರ್ ಊದಿದ ಸ್ವರ ಬಾಲದ ಡ್ರಮ್ಮಿನವನ ಕಿವಿ ಮುಟ್ಟಲು ಅರವತ್ತು ಅಡಿ ಹೋಗಬೇಕು. ಅವನು ಕೊಟ್ಟ ಏಟು ಮತ್ತೆ ಅರವತ್ತು ಅಡಿ ಬಂದರಷ್ಟೇ ಮಾಸ್ಟರ್ ನಿಂತ ಜಾಗ. ಹೋಗಿ ಬರುವಷ್ಟರಲ್ಲಿ ಒಂದು ಸೆಕೆಂಡಿನ ಹತ್ತನೇ ಒಂದು ಪಾಲು ಕಳೆದಿರುತ್ತದೆ. ಎರಡೂ ಸದ್ದು ಅಲ್ಲಿಂದ ಮುಂದೆ ಒಂದೇ ವೇಗದಲ್ಲಿ ಓಡಿ, ಅದೇ ತಡವನ್ನು ಹೊತ್ತುಕೊಂಡೇ ಮೈದಾನ ದಾಟುತ್ತವೆ.

ಜೈಬಾ ಮೈದಾನದ ಉದ್ದಕ್ಕೂ ಓಡಿದರು.

"ಅಬ್ಬಾ, ದೊಡ್ಡ ಡ್ರಮ್ಮು ಮುಂದಕ್ಕೆ ಕಳಿಸಿ. ನೀವು ಕೊನೇಗೆ ಹೋಗಿ."

ಖುರ್ಷಿದ್ ಪಾಷಾ ಮಗಳಿಗೆ ತಲೆ ಕೆಟ್ಟಿದೆಯೇ ಎಂಬಂತೆ ನೋಡಿದರು. "ಡ್ರಮ್ಮು ಮುಂದಿದ್ರೆ ಆಗೋದಿಲ್ಲಮ್ಮ. ಹುಡುಗ್ರು ಅದರ ಸುತ್ತಾನೇ ಕುಣೀತಾರೆ, ಮೆರವಣಿಗೆ ಕದಲೋದೇ ಇಲ್ಲ."

"ಮೆರವಣಿಗೆ ಎಲ್ಲಿದೆ ಅಬ್ಬಾ? ನಿಂತಿದೀವಲ್ಲ."

ಆ ಮನುಷ್ಯ ಜೀವಮಾನದಲ್ಲಿ ಮೊದಲ ಸಲ ತನ್ನ ಬ್ಯಾಂಡಿನ ಬಾಲಕ್ಕೆ ಹೋಗಿ ನಿಂತರು. ಈಗ ಮುಂದಿರುವ ಡ್ರಮ್ಮು ಎತ್ತಿಕೊಂಡಿತು, ಹಿಂದಿನ ಕ್ಲಾರಿನೆಟ್ ಹಿಡಿಯಿತು. ಮಕ್ಕಳು ಕಿವಿಗೊಟ್ಟರು. ಈ ಸಲ ತಡವಾದದ್ದು ಕ್ಲಾರಿನೆಟ್. ಕುಣಿಗಲ್ಲಿನ ಕೀ ಪ್ರಕಾರ ಎಲ್ಲರಿಗಿಂತ ಮೊದಲು ಓಡಿಬರಬೇಕಾಗಿದ್ದ ಕೀರಲು ಸದ್ದು ಡ್ರಮ್ಮಿನ ಹಿಂದೆ ಬಂತು. ಒಬ್ಬ ಹುಡುಗ, ಹಂಗಾದ್ರೆ ಈಗ ದಪ್ಪ ಸದ್ದೇ ಸ್ಪೀಡಾ ಮಿಸ್ ಎಂದು ಕೇಳಿದ. ಇಡೀ ಕ್ಲಾಸು ನಕ್ಕಿತು. ಮೂರನೇ ಸಲ ಡ್ರಮ್ಮನ್ನೂ ಕ್ಲಾರಿನೆಟ್ಟನ್ನೂ ಹೆಗಲಿಗೆ ಹೆಗಲು ಕೊಟ್ಟು ಅಕ್ಕಪಕ್ಕ ನಿಲ್ಲಿಸಿದರು. ಜೈಬಾ ಮಕ್ಕಳನ್ನು ಕರೆದುಕೊಂಡು ಬ್ಯಾಂಡಿನ ಪಕ್ಕದಿಂದ ನಡೆಯುತ್ತಾ, ಮಧ್ಯ ಮಧ್ಯ ನಿಂತು ಕೇಳುತ್ತಾ ಮೈದಾನದ ಕೊನೆಯವರೆಗೂ ಬಂದರು. ಎಲ್ಲ ಕಡೆಯೂ ದಪ್ಪ ಸದ್ದೂ ಕೀರಲು ಸದ್ದೂ ಒಟ್ಟಿಗೇ ಬಂದವು. ಇದಕ್ಕಿಂತ ಒಳ್ಳೆಯ ವಿಜ್ಞಾನದ ಪಾಠ ಗುಬ್ಬಿ ತಾಲ್ಲೂಕಿನಲ್ಲಿ ಆ ವರ್ಷ ನಡೆದಿರಲಾರದು. ತಪ್ಪಾದ ಪ್ರಯೋಗ, ತಪ್ಪು ಎಲ್ಲಿ ಎಂಬ ಹುಡುಕಾಟ, ತಿದ್ದಿದ ಪ್ರಯೋಗ. ವಿಜ್ಞಾನ ಎಂದರೆ ಇನ್ನೇನು?

ಜೈಬಾ ಪ್ರೇಮಲತಾರ ರೂಮಿಗೆ ಹೋಗಿ ಒಂದು ಸಲ ಬಂದು ಕೇಳಿ ಎಂದು ಕರೆದರು. ಸರ್ ಹೊರಟುಹೋದರಲ್ಲ, ಇನ್ನು ಯಾರಿಗೆ ತೋರಿಸುವುದಕ್ಕೆ ಎಂದು ಪ್ರೇಮಲತಾ ಕೇಳಿದರಂತೆ. ಯಾರಿಗೆ ತೋರಿಸುವುದಕ್ಕೆ. ಆ ಮಾತಿನಲ್ಲೇ ನಮ್ಮ ಶಿಕ್ಷಣ ಪೂರ್ತಿ ಇದೆ. ಮಕ್ಕಳು ಅಲ್ಲಿ ನಿಂತಿದ್ದದ್ದು ಅವರಿಗೆ ಲೆಕ್ಕಕ್ಕೇ ಬರಲಿಲ್ಲ.

ಜೈಬಾ ಮೂರು ಸಲದ ಪ್ರಯೋಗವನ್ನೂ ವಿವರವಾಗಿ ಬರೆದು ರವೀಶನಿಗೆ ಕಳಿಸಿದರು. ವಾಟ್ಸ್ಯಾಪಿನಲ್ಲಿ ಓದಿದ ಗುರುತಿನ ನೀಲಿ ಟಿಕ್ ಬಿತ್ತು, ಉತ್ತರ ಬರಲಿಲ್ಲ. ಬದಲಿಗೆ ಸಂಜೆ ಅವನ ವೀಡಿಯೊ ಮೂರೂ ಶಾಲೆಗಳ ಪೋಷಕರ ಗುಂಪಿನಲ್ಲಿ ಬಂತು. ಡ್ರಮ್ಮು ತಡವಾಗಿ ಕೇಳಿಸುವ ಮೊದಲ ವೀಡಿಯೊ. ಕೆಳಗೆ, ನಮ್ಮಲ್ಲಿ ಪ್ರಾಕ್ಟಿಕಲ್ ಆಗಿ ಕಲಿಸುತ್ತೇವೆ, ಅಡ್ಮಿಶನ್ ಶುರುವಾಗಿದೆ ಎಂಬ ಒಕ್ಕಣೆ. ಕೆಂಪು ಕೋಟಿನ ಖುರ್ಷಿದ್ ಪಾಷಾ ಸುಳ್ಳಿನ ಜಾಹೀರಾತಿನಲ್ಲಿ ಊದುತ್ತಾ ನಿಂತಿದ್ದಾರೆ. ಆ ಗುಂಪಿನಲ್ಲಿ ಎಂಜಿನಿಯರುಗಳಿದ್ದಾರೆ, ಡಾಕ್ಟರುಗಳಿದ್ದಾರೆ, ಪಿಯು ಕಾಲೇಜಿನ ಫಿಸಿಕ್ಸ್ ಲೆಕ್ಚರರ್ ಒಬ್ಬರೂ ಇದ್ದಾರೆ. ಎಲ್ಲರೂ ಹೆಬ್ಬೆರಳು ಒತ್ತಿದರು. ಆ ಲೆಕ್ಚರರನ್ನು ನಾನು ಹುಡುಕಿಕೊಂಡು ಹೋಗಿ ಕೇಳಿದೆ. ತಪ್ಪು ಎಂದು ಅವರಿಗೂ ಗೊತ್ತಿತ್ತು. "ಮಗ ಅಲ್ಲೇ ಓದ್ತಾವ್ನೆ ಸರ್, ಯಾಕ್ ಬೇಕು ಬುಡಿ" ಎಂದರು. ಕಾಫಿ ತರಿಸಿದರು. ನಾನು ಕುಡಿಯಲಿಲ್ಲ.

ಖುರ್ಷಿದ್ ಪಾಷಾ ಕೆಂಪು ಕೋಟನ್ನು ಮಡಿಸಿ ಪೆಟ್ಟಿಗೆಯ ತಳಕ್ಕೆ ಹಾಕಿದರಂತೆ. ಸಾಲಿನ ಅಭ್ಯಾಸದಿಂದ ತಾನೇ ಮಗಳ ಕೆಲಸ ಕೆಡಿಸಿದೆ ಎಂಬುದು ಅವರ ತಲೆಯಲ್ಲಿ ಕೂತುಬಿಟ್ಟಿತ್ತು. ಜೈಬಾ ಎಷ್ಟು ಹೇಳಿದರೂ ಕೇಳಲಿಲ್ಲ. ಅವರು ಕೆಡಿಸಲಿಲ್ಲ. ತಪ್ಪಾಗಿ ನಿಂತ ಬ್ಯಾಂಡು ಮಗಳು ಹೇಳಿದ ತಕ್ಷಣ ಸರಿಯಾಗಿ ನಿಂತಿತು. ತಪ್ಪಾಗಿ ನಿಂತ ಶಾಲೆ ಇವತ್ತಿಗೂ ಹಾಗೇ ನಿಂತಿದೆ.

ಪೇಪರುಗಳನ್ನು ಕೀ ಪ್ರಕಾರ ತಿದ್ದುವುದಿಲ್ಲ ಎಂದು ಜೈಬಾ ಹಾಗೇ ವಾಪಸು ಕೊಟ್ಟರು. ಆರ್ಡರಿನ ಗತಿ ಏನಾಗುತ್ತದೆ ಎಂದು ಗೊತ್ತಿದ್ದೇ ಕೊಟ್ಟರು. ಪ್ರೇಮಲತಾ ಸ್ಟಾಫ್ ರೂಮಿನಲ್ಲಿ ಎಲ್ಲರ ಮುಂದೆ ಕೂತು, ಎಂಎಸ್ಸಿ ಓದಿದ ಕೈಯಿಂದ, ಸರಿ ಉತ್ತರಗಳ ಮೇಲೆ ಒಂದೊಂದಾಗಿ ಕೆಂಪು ಗೆರೆ ಎಳೆದರು. ಮಧ್ಯೆ ಯಾರೋ ಮನೆಯಿಂದ ತಂದ ಚಕ್ಕುಲಿ ಹಂಚಿದರಂತೆ. ತಿಂದುಕೊಂಡೇ ಎಳೆದರು. ಹೇಸಿಗೆಗೆ ಇದಕ್ಕಿಂತ ಒಳ್ಳೆಯ ಚಿತ್ರ ನನ್ನ ಹತ್ತಿರ ಇಲ್ಲ.

ಸಂಕ್ರಾಂತಿ ಬಂತು, ಎಳ್ಳು ಬೆಲ್ಲ ಹಂಚಿದರು, ಆರ್ಡರ್ ಬರಲಿಲ್ಲ. ಯಾರೂ ಇಲ್ಲ ಎನ್ನಲಿಲ್ಲ, ನೋಡೋಣ ಎಂದರು. ಮಾರ್ಚಿನಲ್ಲಿ ವರ್ಷದ ಪರೀಕ್ಷೆ. ಪ್ರಶ್ನೆಪತ್ರಿಕೆ ಕುಣಿಗಲ್ಲಿನಿಂದ ಬಂತು. ಅದೇ ಪ್ರಶ್ನೆ, ಒಂದಕ್ಷರ ಬದಲಿಲ್ಲದೆ. ಬೇಕೆಂದೇ ಹಾಕಿದ್ದ ಎಂದು ಬೇರೆ ಹೇಳಬೇಕಾಗಿಲ್ಲ.

ಜೈಬಾರ ಕ್ಲಾಸಿನ ಎಲ್ಲ ಮಕ್ಕಳೂ ಎರಡರಷ್ಟಾಗುತ್ತದೆ ಎಂದು ಬರೆದರು. ಎಲ್ಲರೂ. ಮೈದಾನದ ಈ ತುದಿಯಿಂದ ಆ ತುದಿಯವರೆಗೆ ನಡೆದು ತಮ್ಮ ಕಿವಿಯಿಂದ ಕೇಳಿದ್ದ ಮಕ್ಕಳು. ಆ ಪೇಪರುಗಳನ್ನು ಪರೀಕ್ಷಾ ಕೋಣೆಯಲ್ಲಿ ಕಟ್ಟುವಾಗ ಜೈಬಾ ನೋಡಿದರು. ಅಕ್ಷತಾಳ ಪೇಪರು ಹುಡುಕಿ ತೆಗೆದು ನೋಡಿದರು. ಅವಳೂ ಅದನ್ನೇ ಬರೆದಿದ್ದಳು.

ಹೊರಗೆ ಕಾರಿಡಾರಿನಲ್ಲಿ ಹುಡುಗಿ ಸಿಕ್ಕಿದಾಗ ಜೈಬಾ ಬೈಯಲಿಲ್ಲ, ಕೇಳಿದರಷ್ಟೇ. ಅಕ್ಷತಾಳಿಗೆ ಅದರಲ್ಲಿ ಕೇಳುವುದೇನಿದೆ ಎಂದೇ ಅರ್ಥವಾಗಲಿಲ್ಲವಂತೆ. ಬಹಳ ಸಹಜವಾಗಿ, ಟೀಚರಿಗೆ ಸಮಾಧಾನ ಹೇಳುವ ಹಾಗೆ ಹೇಳಿದಳು:

"ಸೇಮ್ ಸ್ಪೀಡ್ ಅಂತ ಗೊತ್ತು ಮಿಸ್. ಕೇಳಿದೀವಲ್ಲ. ಆದ್ರೆ ಅದು ನಿಜಕ್ಕೆ. ಎಕ್ಸಾಮಿಗೆ ಡಬಲ್."

ಜೈಬಾ ಮನೆಗೆ ಬಂದು ಅತ್ತದ್ದು ಈ ಮಾತಿಗೆ, ಆರ್ಡರಿಗಲ್ಲ. ಹದಿನಾಲ್ಕು ವರ್ಷದ ಹುಡುಗಿಯೊಬ್ಬಳು ಯಾರ ಗದರಿಕೆಯೂ ಇಲ್ಲದೆ, ನಿಜಕ್ಕೊಂದು ಉತ್ತರ, ದೊಡ್ಡವರಿಗೊಂದು ಉತ್ತರ ಎಂದು ಎರಡು ಡಬ್ಬಿ ಮಾಡಿಕೊಂಡಿದ್ದಾಳೆ. ಪ್ರೇಮಲತಾ ಆಗಲು ಅವಳಿಗೆ ಇನ್ನು ವಯಸ್ಸು ಮಾತ್ರ ಬಾಕಿ. ಆ ಪರೀಕ್ಷೆಯಲ್ಲಿ ಗುಬ್ಬಿ ಶಾಲೆಗೆ ಒಳ್ಳೇ ಫಲಿತಾಂಶ ಬಂತು. ಪೋಷಕರ ಗುಂಪಿನಲ್ಲಿ ಸಿಹಿ ತಿಂಡಿಯ ಚಿತ್ರಗಳು ಬಂದವು.

ಜೂನಿನಲ್ಲಿ ಜೈಬಾರನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳುವುದಿಲ್ಲ ಎಂದು ಯಾರೂ ಹೇಳಲಿಲ್ಲ. ಶಾಲೆ ಶುರುವಾದ ದಿನ ಎಂದಿನ ರೈಲಿಗೆ ಹೋದರು. ಅವರ ಕ್ಲಾಸಿನಲ್ಲಿ ಬೇರೊಬ್ಬರು ಪಾಠ ಮಾಡುತ್ತಿದ್ದರು. ಬಾಗಿಲಲ್ಲಿ ನಿಂತ ಜೈಬಾರನ್ನು ನೋಡಿ ಮಕ್ಕಳು ಎದ್ದು ನಿಂತು ಗುಡ್ ಮಾರ್ನಿಂಗ್ ಮಿಸ್ ಎಂದರು, ಒಳಗಿದ್ದ ಹೊಸ ಟೀಚರು ಕೂರಿ ಎಂದರು, ಕೂತರು. ಅಷ್ಟೇ. ಗೋಡೆಯ ಮೇಲೆ ತ್ರಿಕೋನ ಇತ್ತು. ಈಗ ಅವರು ಊರ್ಡಿಗೆರೆ ಕಡೆಯ ಒಂದು ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಅದೂ ಬೇಸಿಗೆಗೆ ನಿಲ್ಲುವ ಕೆಲಸವೇ. ಅಲ್ಲಿಯೂ ತರಂಗದ ಪಾಠ ಬರುತ್ತದೆ. ಅಲ್ಲಿಗೂ ಬ್ಯಾಂಡು ಕರೆಸುತ್ತೀರಾ ಎಂದು ಕೇಳಿದೆ. ಅಕ್ಕಪಕ್ಕ ನಿಲ್ಲಿಸಿಯೇ ಶುರು ಮಾಡುತ್ತೇನೆ ಎಂದರು. ನಗಲಿಲ್ಲ.

ಅಯ್ಯೋ ಪಾಪ ಎಂದು ಪುಟ ತಿರುಗಿಸಬೇಡಿ, ನಿಮ್ಮ ಅಯ್ಯೋ ಪಾಪ ಯಾರಿಗೆ ಬೇಕು. ನಿಮ್ಮ ಮಗುವಿನ ಬ್ಯಾಗಿನಿಂದ ತಿದ್ದಿದ ವಿಜ್ಞಾನದ ಪೇಪರು ಈಗಲೇ ಹೊರಗೆ ತೆಗೆಯಿರಿ. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ಇದರಲ್ಲಿ ನೀನು ನಿಜ ಅಲ್ಲ ಎಂದು ಗೊತ್ತಿದ್ದೂ ಬರೆದದ್ದು ಯಾವುದು ಎಂದು ಕೇಳಿ. ಮಗು ಬೆರಳಿಟ್ಟು ತೋರಿಸಿದ ಆ ಪೇಪರನ್ನು ಹಿಡಿದುಕೊಂಡು ನಾಳೆ ಬೆಳಿಗ್ಗೆ ಶಾಲೆಗೆ ಹೋಗಿ, ಹೆಡ್ ಮಾಸ್ಟರ ಮುಂದೆ ಕೂರಿ. ತಿದ್ದುವವರೆಗೂ ಏಳಬೇಡಿ.